ಬಟನ್ ಚಿಕ್ಕಮ್ಮನಿಗೆ ಮುಖವಿಲ್ಲ

ಫೆಬ್ರವರಿ 9

ಅದೂ ಸಾಲದು ಅಂತ ಬಟ್ಟೆ ಒಗೆಯೋ ಮಷಿನ್ನೂ ಇವತ್ತೇ ಕೆಟ್ಟಿದೆ ಅಕ್ಕಾ. ನನ್ನ ಮೂರು ಷರ್ಟು ಒಳಗೆ ನೀರಲ್ಲಿ ಕೂತಿವೆ, ಬಾಗಿಲು ತೆಗೆಯಲ್ಲ. ಗಾಜಿನಲ್ಲಿ ಕಾಣ್ತವೆ, ಕೈಗೆ ಸಿಗಲ್ಲ. ಬೆಳಿಗ್ಗೆ ಕಣ್ಣೆದುರಿಗೇ ಬಸ್ ಹೋಯ್ತು, ಮಧ್ಯಾಹ್ನ ಮೀಟಿಂಗಲ್ಲಿ ಮರ್ಯಾದೆ ಹೋಯ್ತು, ಈಗ ಷರ್ಟು. ರೂಮಲ್ಲಿ ಮಾತಾಡೋ ಹಾಗಿಲ್ಲ, ಜೊತೆಗಿರೋ ಬೇಕರಿಯವನು ಮಲಗಿದಾನೆ. ಬೆಳಗಾಗೋಕೆ ಮುಂಚೆ ಎದ್ದು ಅವನು ಹಿಟ್ಟು ನಾದೋಕೆ ಹೋಗಬೇಕು. ಅದಕ್ಕೇ ಈ ನೆಲಮಾಳಿಗೆಯಲ್ಲಿ, ಕೆಟ್ಟ ಮಷಿನ್ ಮುಂದೆ ಕೂತು ಫೋನಿಗೆ ಹೇಳ್ತಾ ಇದೀನಿ. ಅದು ಬರ್ಕೊಂಡು ನಿನಗೆ ಕಳಿಸುತ್ತೆ. ತಪ್ಪಿದ್ದರೆ ಫೋನಿನದು. ನಿನ್ನ ಕೆಂಪು ಪೆನ್ನನ್ನ ಅದರ ಮೇಲೆ ಆಡಿಸು, ನನ್ನ ಮೇಲೆ ಬೇಡ.

ಮೀಟಿಂಗ್ ವಿಷಯಕ್ಕೆ ಬರ್ತೀನಿ. ನಮ್ಮ ‘ಪಕ್ಕದ ಕುರ್ಚಿ’ ವೆಬ್‌ಸೈಟನ್ನ ಕಂಪನಿಯ ದೊಡ್ಡ ಸೈಟಿನೊಳಗೆ ಸೇರಿಸೋ ಕೆಲಸ ಏಪ್ರಿಲ್ ಹತ್ತಕ್ಕೆ ಮುಗೀಬೇಕಂತೆ. ನಾಲ್ಕು ಸಾವಿರದ ಮುನ್ನೂರು ಜನ. ಮನೇಲಿ ಹಾಸಿಗೆ ಹಿಡಿದವರ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿರೋರು. ಅಷ್ಟೂ ಜನ ಫೋನಿನ ಕ್ಯಾಮೆರಾಗೆ ಮುಖ ತೋರಿಸಬೇಕು. ಒಂದು ಮುಖಕ್ಕೆ ಒಂದೇ ಖಾತೆ. ತೋರಿಸದಿದ್ದರೆ ಹತ್ತನೇ ತಾರೀಕು ಬೀಗ. ಆ ಬೀಗದ ಕೋಡ್ ಬರೆಯೋಕೆ ಯಾರಿಗೆ ಕೊಟ್ಟರು ಹೇಳು ನೋಡೋಣ.

ಆಮೇಲೆ ಮ್ಯಾನೇಜರ್ ಗೋಡೆ ಮೇಲೆ ಒಂದು ಚಾರ್ಟ್ ಹಾಕಿದ. ಯಾರು ಬರೆದರೆ ಅತಿ ಹೆಚ್ಚು ಜನ ಉತ್ತರ ಬರೀತಾರೆ ಅಂತ. ಎಲ್ಲರದೂ ಗಿಡ್ಡ ಗಿಡ್ಡ ಗೀಟು, ಮಧ್ಯೆ ಒಂದು ಮಾತ್ರ ದೀಪದ ಕಂಬದ ಹಾಗೆ ಎದ್ದು ನಿಂತಿದೆ. ಬಟನ್ ಚಿಕ್ಕಮ್ಮ. ಯಾರು ಈ ಹೆಂಗಸು, ಮುಖಪುಟದಲ್ಲಿ ಹಾಕೋಣ, ಫೋಟೋ ತರಿಸು ಅಂದ. ತುಂಬಾ ನಾಚಿಕೆಯವರು ಅಂದೆ. ಅಷ್ಟಕ್ಕೇ ಬಿಡಲಿಲ್ಲ, ನೀವೇ ಹುಟ್ಟಿಸಿದ ಸುಳ್ಳು ಸದಸ್ಯರು ಎಷ್ಟಿದಾರೆ ಅಂತ ಎಲ್ಲರ ಎದುರಿಗೆ ಕೇಳಿದ. ಒಬ್ಬರೂ ಇಲ್ಲ ಅಂದೆ. ಕಿವಿ ಕೆಂಪಾಗಿದ್ದನ್ನ ಪಕ್ಕದವಳು ನೋಡಿದಳು.

ಹನ್ನೊಂದು ಜನ ಇದ್ರಲ್ಲ ಅಕ್ಕಾ. ಖಾಲಿ ಸೈಟಿಗೆ ಯಾರೂ ಕಾಲಿಡಲ್ಲ. ಈ ಕಸುಬಿನಲ್ಲಿ ಎಲ್ಲರೂ ಮೊದಲು ನಾಲ್ಕು ಜನರನ್ನ ತಾವೇ ಹುಟ್ಟಿಸಿ ಅವರವರಲ್ಲೇ ಮಾತಾಡಿಸ್ತಾರೆ, ಹೊರಗೆ ಹೇಳಲ್ಲ ಅಷ್ಟೇ. ನಾನು ಹನ್ನೊಂದು ಖಾತೆ ತೆರೆದೆ, ನೀನು ಹನ್ನೊಂದು ಬಾಯಿ ಕೊಟ್ಟೆ. ಪ್ರೆಸ್ಸಲ್ಲಿ ಇಡೀ ದಿನ ಕಂಡೋರ ತಪ್ಪು ತಿದ್ದಿ ಬಂದು, ಅಡುಗೆಮನೆ ಸ್ಟೂಲ್ ಮೇಲೆ ಕೂತು ಜಗಳಗಂಟ ಅಳಿಯನಾಗಿ ಬರೀತಿದ್ದೆ, ಅಳುಬುರುಕ ಮೊಮ್ಮಗಳಾಗಿ ಬರೀತಿದ್ದೆ, ಇಬ್ಬರಿಗೂ ನೀನೇ ಜಗಳ ಹಚ್ಚಿ ನೀನೇ ರಾಜಿ ಮಾಡಿಸ್ತಿದ್ದೆ. ಅಪ್ಪ ಹೋದಮೇಲೆ ನೀನು ನಕ್ಕಿದ್ದು ಅದಕ್ಕೇ.

ನಿಜವಾದ ಜನ ಬಂದಮೇಲೆ ಹತ್ತು ಮಂದಿಯನ್ನ ಒಬ್ಬೊಬ್ಬರಾಗಿ ಸುಮ್ಮನಾಗಿಸಿದ್ವಿ. ಯಾರೂ ಕೇಳಲಿಲ್ಲ. ಚಿಕ್ಕಮ್ಮನನ್ನ ಮಾತ್ರ ನೀನು ಬಿಡಲಿಲ್ಲ. ಷರ್ಟಿಗೆ ಬಟನ್ ಹೊಲಿಯುತ್ತಾ ಲಕ್ವ ಹೊಡೆದ ಗಂಡನನ್ನ ನೋಡ್ಕೊಳ್ಳೋ ಹೆಂಗಸು. ಆ ಗಂಡ ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅಲ್ಲಿ ಮಾತ್ರ ಇನ್ನೂ ಗಂಜಿ ಕುಡೀತಾ ಇದಾರೆ.

ಅವಳನ್ನ ನಿಲ್ಲಿಸಬೇಕು ಅಕ್ಕಾ. ಹೇಗೆ ಅಂತ ನೀನೇ ಹೇಳು.

ಒದ್ದೆ ಷರ್ಟುಗಳ ಕಾವಲುಗಾರ,
ನಿನ್ನ ತಮ್ಮ

ಫೆಬ್ರವರಿ 17

ಪ್ರೀತಿಯ ಗೂಬೆಗೆ,

ನಿನ್ನ ಫೋನಿಗೆ ಪೂರ್ಣವಿರಾಮ ಎಂದರೆ ಏನೆಂದು ಗೊತ್ತಿಲ್ಲ. ನಾನೇ ಹಾಕಿಕೊಂಡು ಓದಿದೆ. ಷರ್ಟುಗಳು ಸಿಕ್ಕವೆಂದು ಭಾವಿಸುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ: ಆಗುವುದಿಲ್ಲ.

ಕಾರಣ ಹೇಳುತ್ತೇನೆ, ಕೇಳು. ಗಡಿಯಾರ ರಿಪೇರಿಯವರು ನಿನಗೆ ನೆನಪಿದ್ದಾರೆ ತಾನೆ? ಹೆಂಡತಿ ಬಿದ್ದು ಸೊಂಟ ಮುರಿದು ಆರು ವರ್ಷ. ಮೊದಲ ಸಲ ನಮ್ಮಲ್ಲಿಗೆ ಬಂದಾಗ ಅವರು ಕೆಳಗಿನ ಅಂಗಡಿಗೆ ಬೀಗ ಹಾಕಿ, ಸ್ನಾನಕ್ಕೂ ಏಳದೆ ಆಕೆಯ ಪಕ್ಕದಲ್ಲೇ ಕೂತಿದ್ದರು. ಅವರನ್ನು ಆ ಕುರ್ಚಿಯಿಂದ ಎಬ್ಬಿಸಲು ಚಿಕ್ಕಮ್ಮನಿಗೆ ಎರಡು ವರ್ಷ ಹಿಡಿಯಿತು. ಮೊದಲು ಬಾಗಿಲ ತನಕ, ಆಮೇಲೆ ಮೆಟ್ಟಿಲ ತನಕ. ಮಂಚದಿಂದ ಅಂಗಡಿಯ ಗಂಟೆಗೆ ಒಂದು ದಾರ ಕಟ್ಟಿಸಿದ್ದು ಅವಳೇ. ಎರಡು ಗಂಟೆ ಎದ್ದು ಹೋದರೆ ಪ್ರೀತಿ ಕಡಿಮೆಯಾಗುವುದಿಲ್ಲ ಎಂದು ಬರೆದವಳೂ ಅವಳೇ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಾರೆ. ಮೊನ್ನೆ ಬರೆದಿದ್ದರು: ‘ಚಿಕ್ಕಮ್ಮ, ಈವತ್ತು ಒಂದು ಹಳೇ ಗೋಡೆ ಗಡಿಯಾರ ನಡೀತು. ನಾನೂ ನಡೆದೆ.’ ಅವರು ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ಚಿಕ್ಕಮ್ಮ ಎನ್ನುತ್ತಾರೆ. ನಾನು ಹೊರಟೆ ಎಂದರೆ ಅವರು ಮತ್ತೆ ಕೂತುಬಿಡುತ್ತಾರೆ.

ಇನ್ನೊಂದು ಕಾರಣವನ್ನು ನೀನೇ ಬರೆದಿದ್ದೀಯೆ. ಚಿಕ್ಕಮ್ಮನ ‘ಇವರು’, ಅಂದರೆ ಅಪ್ಪ, ಅಲ್ಲಿ ಈಗಲೂ ಚಮಚದಿಂದ ಮಂಚದ ಕಂಬಿ ತಟ್ಟುತ್ತಾರೆ. ಒಂದು ಸಲವಾದರೆ ನೀರು, ಎರಡಾದರೆ ಹೊರಳಿಸು, ಮೂರಾದರೆ ಸುಮ್ಮನೆ ಬಾ. ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುವಾಗ ನನಗೆ ಇಷ್ಟು ಜನರಿಗಾದರೂ ಆ ಸದ್ದು ಕೇಳಿಸುತ್ತಿದೆ ಎನ್ನುವ ಸಮಾಧಾನ ಇರುತ್ತದೆ.

ಮುಖ ಬೇಕಾದರೆ ನನ್ನದನ್ನು ತೋರಿಸುತ್ತೇನೆ. ಒಂದು ಮುಖಕ್ಕೆ ಒಂದೇ ಖಾತೆ ಎಂದರೆ ಮೇಲ್ವಿಚಾರಕಿ ಎಂದಿರುವ ನನ್ನ ಖಾತೆಯನ್ನು ಅಳಿಸಿಬಿಡು. ಅವಳನ್ನು ಇರಿಸಿಕೋ. ನನ್ನನ್ನು ಅಲ್ಲಿ ಯಾರೂ ಹುಡುಕುವುದಿಲ್ಲ.

ಊಟ ಸರಿಯಾಗಿ ಮಾಡು.

ಅಕ್ಕ

ಮಾರ್ಚ್ 4

ಅಕ್ಕಾ, ನಿನ್ನ ಮುಖ ಆಗಲೇ ಅವರ ಹತ್ತಿರ ಇದೆ. ಸೈಟನ್ನ ಅವರಿಗೆ ಒಪ್ಪಿಸಿದ ಕಾಗದಕ್ಕೆ ನಾವಿಬ್ಬರೂ ಫೋಟೋ ಅಂಟಿಸಿ ಸಹಿ ಹಾಕಿದ್ವಲ್ಲ. ನೀನು ಕ್ಯಾಮೆರಾ ಮುಂದೆ ನಿಂತು ನಾನೇ ಬಟನ್ ಚಿಕ್ಕಮ್ಮ ಅಂದ್ರೆ, ಮಷಿನ್ ಒಂದು ಕ್ಷಣದಲ್ಲಿ ಇಲ್ಲ, ನೀನು ಮೇಲ್ವಿಚಾರಕಿ ಅನ್ನುತ್ತೆ. ಅದು ಹಾಗೆ ಹೇಳೋ ಹಾಗೆ ಮಾಡಿದೋನು ನಾನೇ. ಚೆನ್ನಾಗಿ ಕೆಲಸ ಮಾಡ್ತಿದೆ, ಶಭಾಷ್ ಅಂದರು.

ಸೈಟ್ ಕೊಡು, ಕೆಲಸ ಕೊಡ್ತೀವಿ ಅಂದಾಗ ಕುಣಿದಿದ್ದು ನಾನೇ. ನೀನು ಅವತ್ತು ಒಂದೇ ಪ್ರಶ್ನೆ ಕೇಳಿದೆ, ಚಿಕ್ಕಮ್ಮನಿಗೆ ಏನಾಗುತ್ತೆ ಅಂತ. ಏನೂ ಆಗಲ್ಲ ಅಂದೆ. ಬಾಯಿ ನನ್ನದು, ಖರ್ಚೇನು.

ಇಲ್ಲಿ ಆಫೀಸಿನ ಗೋಡೆ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿದಾರೆ, ಜನರನ್ನ ಜನರ ಹತ್ತಿರ ತರ್ತೀವಿ ಅಂತ. ಅದರ ಕೆಳಗೆ ನಾವು ಮೂವತ್ತು ಜನ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತೀವಿ. ಎರಡು ವಾರ ಹಿಂದೆ ನನ್ನ ಎಡಗಡೆ ಕೂರೋನು ಬರಲಿಲ್ಲ. ನಾಲ್ಕು ದಿನ ಆದಮೇಲೆ ಅವನ ಗಿಡಕ್ಕೆ ನೀರು ಹಾಕೋರು ಯಾರು ಅಂತ ಗುಂಪಿನಲ್ಲಿ ಮೆಸೇಜ್ ಬಂತು. ಅವನಿಗೆ ಏನಾಯ್ತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಿಡಕ್ಕೆ ನೀರು ಹಾಕಿದೆ. ಸಮುದಾಯ ಕಟ್ಟೋನು ಅಂತ ನನ್ನ ಹುದ್ದೆಯ ಹೆಸರು ಅಕ್ಕಾ. ಬೇಕರಿಯವನ ಜೊತೆ ಒಂದೇ ರೂಮಲ್ಲಿ ಏಳು ತಿಂಗಳಿಂದ ಇದೀನಿ, ಅವನು ಎಚ್ಚರವಾಗಿದ್ದಾಗ ಎಷ್ಟು ಎತ್ತರ ಇದಾನೆ ಅಂತ ಸರಿಯಾಗಿ ಗೊತ್ತಿಲ್ಲ.

ಗಡಿಯಾರದವರ ವಿಷಯ ನನಗೆ ಗೊತ್ತಿದೆ. ಅದಕ್ಕೇ ಹೇಳ್ತಾ ಇದೀನಿ. ಬೀಗ ಬಿದ್ದರೆ ಚಿಕ್ಕಮ್ಮ ಒಂದು ದಿನ ಇದ್ದಕ್ಕಿದ್ದ ಹಾಗೆ ಮಾಯ ಆಗ್ತಾಳೆ. ಅದು ಇನ್ನೂ ಕೆಟ್ಟದ್ದು. ಅದರ ಬದಲು ಅವಳ ಗಂಡ ಸಮಾಧಾನವಾಗಿ ಹೋಗಲಿ. ಹೋಗೋ ದಿನ ಬಂದಿತ್ತು, ಹೋದರು, ಇನ್ನು ನಾನು ಹೊರಡ್ತೀನಿ, ನೀವು ಅಂಗಡಿ ತೆಗೀತಾ ಇರಿ ಅಂತ ಅವಳು ಹೇಳಿ ಎದ್ದು ಹೋಗಲಿ. ಜನ ಅಳ್ತಾರೆ. ಆಮೇಲೆ ಒಬ್ಬರನ್ನೊಬ್ಬರು ಹಿಡ್ಕೋತಾರೆ. ಅಷ್ಟಕ್ಕೇ ತಾನೇ ನಾವು ಈ ಸೈಟ್ ಮಾಡಿದ್ದು.

ನನಗೆ ಅವಳ ಹಾಗೆ ಬರೆಯೋಕೆ ಬರಲ್ಲ. ಅಪ್ಪನಿಗೆ ಒಂದು ಒಳ್ಳೆ ಸಾವು ಬರೆದುಕೊಡು ಅಕ್ಕಾ. ಇನ್ನೂ ಐದು ವಾರ ಇದೆ.

ನಿನ್ನ ತಮ್ಮ

ಮಾರ್ಚ್ 23

ಪ್ರೀತಿಯ ಗೂಬೆಗೆ,

ಮೂರು ಸಲ ಬರೆದೆ. ಮೂರು ಸಲವೂ ಹರಿದು ಹಾಕಿದೆ.

ಪ್ರೆಸ್ಸಿನಲ್ಲಿ ದಿನಕ್ಕೆ ಏಳೆಂಟು ನಿಧನ ವಾರ್ತೆ ತಿದ್ದುತ್ತೇನೆ. ಯಾರದೋ ವಯಸ್ಸು ತಪ್ಪಾಗಿರುತ್ತದೆ, ಯಾರದೋ ಮಗಳು ಬಿಟ್ಟುಹೋಗಿರುತ್ತಾಳೆ, ಸೇರಿಸುತ್ತೇನೆ. ಮುಂದಿನದಕ್ಕೆ ಹೋಗುತ್ತೇನೆ. ಇವರದನ್ನು ಬರೆಯಲು ಕೂತರೆ ಮಾತ್ರ ಮೊದಲ ವಾಕ್ಯದಲ್ಲೇ ಇವರು ಕೆಮ್ಮಿ ಹೊರಳುತ್ತಾರೆ, ನಾನು ಎದ್ದು ದಿಂಬು ಸರಿ ಮಾಡುತ್ತೇನೆ, ಅಲ್ಲಿಗೆ ಪ್ಯಾರಾ ಮುಗಿಯುತ್ತದೆ. ಮೊನ್ನೆ ಫೋರ್‌ಮನ್ ಹಿಂದಿನಿಂದ ಬಂದು ಓದಿ, ‘ಅಲ್ಲಮ್ಮಾ, ಈ ಮನುಷ್ಯ ಸಾಯ್ತಾನೋ ಇಲ್ವೋ ಬೇಗ ಹೇಳಿ, ಪೇಜ್ ಕಾಯ್ತಾ ಇದೆ’ ಎಂದರು. ಪ್ರೆಸ್ಸಿನ ಪುಟ ಎಂದುಕೊಂಡಿದ್ದರು. ನಾನೂ ನಕ್ಕೆ.

ತೊಂದರೆ ಏನೆಂದು ಆಮೇಲೆ ತಿಳಿಯಿತು. ನಾನು ನೋಡಿದ್ದನ್ನು ಮಾತ್ರ ಬರೆಯಬಲ್ಲೆ. ಚಿಕ್ಕಮ್ಮ ಬರೆದ ಗಂಜಿ, ಹುಣ್ಣು, ಬೈಗುಳ, ಚಮಚ ಎಲ್ಲವೂ ನಾನು ನೋಡಿದ್ದೇ. ಅಪ್ಪ ಹೋದದ್ದನ್ನು ನಾನು ನೋಡಲಿಲ್ಲ. ಆ ಮಧ್ಯಾಹ್ನ ಪ್ರೆಸ್ಸಿನಲ್ಲಿದ್ದೆ. ನೀನಿದ್ದೆ. ಕೇಳಿದಾಗೆಲ್ಲ ನೀನು ಎರಡೇ ವಾಕ್ಯ ಹೇಳಿದ್ದೀಯೆ. ಮೂರು ಸಲ ತಟ್ಟಿದರು, ಹೋಗಿ ಕೂತೆ. ಕೈ ಹಿಡಿದುಕೊಂಡಿದ್ದಾಗಲೇ ಹೋದರು.

ಆ ಎರಡು ವಾಕ್ಯದ ಮೇಲೆ ನಾನು ನಾಲ್ಕು ವರ್ಷ ನಿದ್ದೆ ಮಾಡಿದ್ದೇನೆ. ನಾನಿಲ್ಲದಿದ್ದರೂ ಕುರ್ಚಿ ಖಾಲಿ ಇರಲಿಲ್ಲ ಎಂದು. ಆದರೆ ಎರಡು ವಾಕ್ಯವನ್ನು ಹಿಗ್ಗಿಸಿ ನಾಲ್ಕು ಸಾವಿರ ಜನರ ಮುಂದೆ ಇಡಲು ನನಗೆ ಸಾಮಗ್ರಿ ಇಲ್ಲ.

ಆದ್ದರಿಂದ ನೀನೇ ಬರೆ. ಹೇಗಿದ್ದರೂ ಚಿಕ್ಕಮ್ಮನ ಬೀಗದ ಕೈ ನಿನ್ನ ಹತ್ತಿರವೂ ಇದೆ. ನಾನು ತಿದ್ದುವುದಿಲ್ಲ, ಮುಂಚೆ ಓದುವುದೂ ಇಲ್ಲ. ಎಲ್ಲರ ಜೊತೆ ಓದುತ್ತೇನೆ. ಒಂದೇ ಮಾತು: ನಡೆದದ್ದನ್ನು ನಡೆದ ಹಾಗೆ ಬರೆ. ಅವಳ ಹೆಸರೊಂದು ಸುಳ್ಳು, ಅವಳು ಬರೆದದ್ದರಲ್ಲಿ ಸುಳ್ಳು ಇರಲಿಲ್ಲ. ಅದು ಕೊನೆಯಲ್ಲಿ ಕೆಡುವುದು ಬೇಡ.

ಅಕ್ಕ

ಏಪ್ರಿಲ್ 11

ಅಕ್ಕಾ,

ನಿನ್ನೆ ಬೀಗ ಬಿತ್ತು. ಮುಖ ತೋರಿಸದ ನೂರಾ ಎಂಬತ್ತು ಖಾತೆಗಳ ಜೊತೆ ಚಿಕ್ಕಮ್ಮನದೂ ಹೋಯ್ತು. ಕೊನೇದನ್ನ ಎಂಟನೇ ತಾರೀಕೇ ಹಾಕಿದ್ದೆ. ಎಲ್ಲರ ಜೊತೆ ಓದ್ತೀನಿ ಅಂದಿದ್ದೆ ನೀನು. ಓದಿದ್ದೀಯ ಅಂತ ಗೊತ್ತು. ನಿನ್ನ ಹೆಸರಿನ ಪಕ್ಕ ಹಸಿರು ಚುಕ್ಕಿ ಅವತ್ತು ಮೂರು ಗಂಟೆ ಹೊತ್ತು ಹಾಗೇ ಇತ್ತು. ಒಂದಕ್ಷರ ಬರೀಲಿಲ್ಲ ನೀನು.

ಮೊದಲು ನಿನ್ನ ಎರಡು ವಾಕ್ಯನೇ ಇಟ್ಕೊಂಡು ಶುರು ಮಾಡಿದೆ, ನಿಜವಾಗಲೂ. ಕೈ ಹಿಡಿದುಕೊಂಡಿದ್ದಾಗಲೇ ಹೋದರು ಅಂತ ಟೈಪ್ ಮಾಡಿದೆ. ಅದರ ಮುಂದಿನ ವಾಕ್ಯ ಬರಲಿಲ್ಲ. ನಡೆದ ಹಾಗೆ ಬರೆ ಅಂದಿದ್ದೆಯಲ್ಲ. ಅಳಿಸಿ ಮತ್ತೆ ಶುರು ಮಾಡಿದೆ. ಹತ್ತೇ ನಿಮಿಷದಲ್ಲಿ ಮುಗೀತು. ಖಾತೆಗೆ ಬೀಗ ಬಿದ್ದಿರೋದ್ರಿಂದ ಇನ್ನು ಅದು ಯಾರಿಗೂ ಅಳಿಸೋಕೆ ಬರಲ್ಲ. ಹೀಗಿದೆ:

‘ಈವತ್ತು ಮಧ್ಯಾಹ್ನ ಇವರು ಹೋದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಚಮಚದ ಸದ್ದು ಮೂರು ಸಲ ಕೇಳಿತು. ಒಂದು ಸಲ ಆಗಿದ್ದರೆ ನೀರು ಅಂತ ಓಡುತ್ತಿದ್ದೆ. ಮೂರು ಅಂದರೆ ಸುಮ್ಮನೆ ಬಾ ಅಂತ. ಬಂದೆ ಅಂದೆ. ಕೈಯಲ್ಲಿ ಕೆಲಸ ಇತ್ತು. ಮತ್ತೆ ಮೂರು ಸಲ ತಟ್ಟಿದರು. ಬಂದೆ ಅಂದೆ. ಆಮೇಲೆ ತಟ್ಟಲಿಲ್ಲ. ಮಲಗಿರಬೇಕು ಅಂದುಕೊಂಡು ಇನ್ನೂ ನಲವತ್ತು ನಿಮಿಷ ಕೆಲಸ ಮಾಡಿದೆ. ಹೋಗಿ ನೋಡಿದಾಗ ಚಮಚ ಹೊದಿಕೆಯ ಮೇಲಿತ್ತು. ಕುರ್ಚಿ ಖಾಲಿ ಇತ್ತು. ಇನ್ನು ನಾನು ಇಲ್ಲಿಗೆ ಬರುವುದಿಲ್ಲ.’

ಕೈಯಲ್ಲಿದ್ದ ಕೆಲಸ ಏನು ಅಂತ ಚಿಕ್ಕಮ್ಮ ಹೇಳಲಿಲ್ಲ. ನಿನಗೆ ನಾನು ಹೇಳ್ತೀನಿ. ಈ ಸೈಟಿನ ಮೊದಲ ಪುಟ ಅಕ್ಕಾ. ಅಪ್ಪನಂಥವರ ಪಕ್ಕ ಕೂರೋರು ಒಂಟಿ ಆಗಬಾರದು ಅಂತ ಮಾಡ್ತಿದ್ದೆನಲ್ಲ, ಅದೇ. ಹೆಸರು ಕೊಟ್ಟು ಒಳಗೆ ಬರೋ ಗುಂಡಿ ಒತ್ತಿದರೆ ಏನೂ ಆಗ್ತಿರಲಿಲ್ಲ. ಅದು ಸರಿ ಹೋಗೋ ತನಕ ಏಳಬಾರದು ಅಂತ ಹಟ. ನಲವತ್ತನೇ ನಿಮಿಷಕ್ಕೆ ಸರಿ ಹೋಯ್ತು. ಖುಷಿಯಿಂದ ಅಪ್ಪನಿಗೆ ತೋರಿಸೋಕೆ ಹೋದೆ. ನೀನು ಪ್ರೆಸ್ಸಿಂದ ಬರೋಷ್ಟರಲ್ಲಿ ಕುರ್ಚಿ ಎಳ್ಕೊಂಡು ಕೂತು, ತಣ್ಣಗಾದ ಕೈ ಹಿಡ್ಕೊಂಡೆ. ನೀನು ನೋಡಿದ್ದು ಅದನ್ನ. ಕೈ ಹಿಡಿದಿದ್ದು ಸುಳ್ಳಲ್ಲ. ಯಾವಾಗ ಅನ್ನೋದು ಸುಳ್ಳು.

ಸೈಟಿಗೆ ಆ ಹೆಸರು ಯಾಕಿಟ್ಟೆ ಅಂತ ನೀನು ಯಾವತ್ತೂ ಕೇಳಲಿಲ್ಲ.

ಒಂದು ದಿನದಲ್ಲಿ ಆರುನೂರು ಉತ್ತರ ಬಂದಿದೆ ಅದಕ್ಕೆ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, ಸೇರಿಸಿದ ವಾರದಲ್ಲೇ ಇಂಥದ್ದು ಬಂದಿದೆ ನೋಡು, ಹೀಗೇ ಮನಸ್ಸು ಬಿಚ್ಚಿ ಬರೆಯೋಕೆ ಇನ್ನೂ ಜನರನ್ನ ಹುರಿದುಂಬಿಸಬೇಕು ಅಂದ. ಹೂಂ ಅಂದು ಕೆಲಸಕ್ಕೆ ಕೂತೆ.

ಬೈಯಿ. ಏನಾದರೂ ಬರಿ.

ತಮ್ಮ

ಏಪ್ರಿಲ್ 27

ಅಕ್ಕಾ, ಹದಿನಾರು ದಿನ ಆಯ್ತು. ನೀನು ಬರೀಲಿಲ್ಲ, ಫೋನ್ ಎತ್ತಲಿಲ್ಲ. ಪ್ರೆಸ್ಸಿಗೆ ಮಾಡಿದರೆ ಫೋರ್‌ಮನ್ ಎತ್ತಿ, ಇದಾರೆ, ಚೆನ್ನಾಗಿದಾರೆ, ತಲೆ ಎತ್ತದೆ ಕೆಲಸ ಮಾಡ್ತಿದಾರೆ, ಬರಲ್ಲ ಅಂತಿದಾರೆ ಅಂದರು. ಸರಿ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದಕ್ಕೆ ಬರೀತಾ ಇಲ್ಲ. ಗಡಿಯಾರದವರಿಗೋಸ್ಕರ ಬರೀತಾ ಇದೀನಿ.

ಚಿಕ್ಕಮ್ಮನ ಕೊನೇದಕ್ಕೆ ಆರುನೂರು ಜನ ಉತ್ತರ ಬರೆದರು ಅಂದೆನಲ್ಲ, ಅದರಲ್ಲಿ ಅವರದು ಇರಲಿಲ್ಲ. ನಾನು ಅದನ್ನ ಗಮನಿಸಬೇಕಿತ್ತು. ಗಮನಿಸಲಿಲ್ಲ. ಮೊನ್ನೆ ಸಹಾಯದ ಪೆಟ್ಟಿಗೆಗೆ ಅವರ ಸೊಸೆ ಬರೆದಿದಾರೆ. ಆ ಪೆಟ್ಟಿಗೆ ನೋಡೋದೂ ನನ್ನ ಕೆಲಸವೇ. ಎಂಟನೇ ತಾರೀಕು ರಾತ್ರಿ ಮಾವ ಅದನ್ನ ಓದಿ, ಏನೂ ಮಾತಾಡದೆ ಕೆಳಗೆ ಇಳಿದು ಅಂಗಡಿ ಷಟರ್ ಎಳೆದು ಬಂದರಂತೆ. ಗಂಟೆಗೆ ಕಟ್ಟಿದ ದಾರ ಬಿಚ್ಚಿ ಸುತ್ತಿ ಜೇಬಿಗೆ ಹಾಕ್ಕೊಂಡರಂತೆ. ಅವತ್ತಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಕೂತಲ್ಲೇ ತಿಂತಾರೆ, ತಿಂದರೆ. ಕಾಲು ಊದಿಕೊಂಡಿದೆ. ಎರಡು ಸಲ ಕೂತಲ್ಲಿಂದಲೇ ಬಿದ್ದಿದಾರೆ. ಡಾಕ್ಟರ್ ಬಂದು ಹೀಗೇ ಇದ್ದರೆ ಮೊದಲು ಹೋಗೋದು ಇವರೇ ಅಂದು ಹೋದರಂತೆ. ಹಾಸಿಗೆಯಲ್ಲಿರೋ ಆ ತಾಯಿ, ಹೋಗ್ರಿ, ಸ್ವಲ್ಪ ಮಲಗ್ರಿ ಅಂತ ಗೋಗರೆದರೆ ತಲೆ ಅಲ್ಲಾಡಿಸ್ತಾರಂತೆ.

ಸೊಸೆ ಕೊನೆಗೆ ಬರೆದಿರೋದು ಇಷ್ಟು: ‘ನಮ್ಮ ಮಾತು ಕೇಳಲ್ಲ. ಆ ಚಿಕ್ಕಮ್ಮ ಹೇಳಿದ್ದಕ್ಕೇ ಅವತ್ತು ಎದ್ದಿದ್ದು. ಅವರೇ ಒಂದು ಮಾತು ಹೇಳಿದರೆ ಏಳಬಹುದು. ಅವರೂ ದುಃಖದಲ್ಲಿದಾರೆ ಅಂತ ಗೊತ್ತು. ನಂಬರ್ ಕೊಡ್ತೀರಾ?’

ಚಿಕ್ಕಮ್ಮನ ಹೆಸರಲ್ಲಿ ಬರೆದುಬಿಡೋಣ ಅಂತ ಖಾತೆ ತೆಗೆಯೋಕೆ ಹೋದೆ. ಮುಖ ತೋರಿಸು ಅಂತು. ನಾನು ಮಾಡಿದ ಬೀಗ ನನಗೇ ತೆಗೆಯೋಕೆ ಬರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದೀನಿ ಅಕ್ಕಾ.

ಅದಕ್ಕೇ ಬೇರೆ ದಾರಿ ಇಲ್ಲ. ನೀನು ಅವರ ಜೊತೆ ಫೋನಲ್ಲಿ ಮಾತಾಡಬೇಕು. ಚಿಕ್ಕಮ್ಮನ ದನಿ ಅವರು ಯಾವತ್ತೂ ಕೇಳಿಲ್ಲ, ನಿನ್ನ ದನಿಯೇ ಅವಳ ದನಿ. ಎದ್ದು ಹೋದೋರದು ತಪ್ಪಲ್ಲ ಅಂತ ಒಂದು ಮಾತು ಹೇಳು ಸಾಕು. ಅವರಿಗೆ ಹೇಳು. ನನಗಲ್ಲ.

ತಮ್ಮ

ಮೇ 3

ನಿನಗೆ,

ಮೇಲೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ, ಗೂಬೆ ಎನ್ನಲು ಕೈ ಬರಲಿಲ್ಲ.

ಎಂಟನೇ ತಾರೀಕು ಪ್ರೆಸ್ಸಿನಲ್ಲೇ ಓದಿದೆ. ಅಭ್ಯಾಸಬಲದಿಂದ ಕೆಂಪು ಪೆನ್ನು ಕೈಯಲ್ಲಿತ್ತು. ಮತ್ತೆ ಮತ್ತೆ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಅವಳ ಹಾಗೆ ಬರೆಯಲು ಬರುವುದಿಲ್ಲ ಎಂದಿದ್ದೆ ನೀನು. ಬರುತ್ತದೆ.

ಮನೆಗೆ ಬಂದು ಅಟ್ಟದಿಂದ ಚಮಚ ತೆಗೆದೆ. ಕಂಬಿಗೆ ತಟ್ಟಿ ತಟ್ಟಿ ಅದರ ಅಂಚು ಒಂದು ಕಡೆ ಚಪ್ಪಟೆಯಾಗಿದೆ. ನಾನೇ ಆ ಕೋಣೆಯಲ್ಲಿ ನಿಂತು ಕಿಟಕಿಯ ಕಂಬಿಗೆ ಮೂರು ಸಲ ತಟ್ಟಿದೆ. ನೀನು ಕೂತಿದ್ದ ಕೋಣೆಗೆ ಹೋಗಿ, ಎಷ್ಟು ಕೇಳಿಸಬಹುದು ಎಂದು ಲೆಕ್ಕ ಹಾಕಿದೆ. ಚೆನ್ನಾಗಿ ಕೇಳಿಸುತ್ತದೆ.

ಗಡಿಯಾರದವರಿಗೆ ನಾನು ಏನು ಹೇಳಲಿ? ಏಳಿ ಎಂದು ಹೇಳುವವಳು ಅದನ್ನು ನಂಬಿರಬೇಕು. ಆ ಎರಡು ವರ್ಷ ನಂಬಿದ್ದೆ. ಯಾಕೆಂದರೆ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಎದ್ದು ಹೋಗಿರಲಿಲ್ಲ ಎಂದುಕೊಂಡಿದ್ದೆ. ಕೂತೇ ಇದ್ದವರ ಮನೆಯವಳು ಬೇರೆಯವರಿಗೆ ಏಳಿ ಎಂದು ಹೇಳುವುದು ಬಹಳ ಸುಲಭ. ಈಗ ಬಾಯಿ ತೆರೆದರೆ ಏನು ಬರುತ್ತದೆಯೋ ನನಗೇ ಗೊತ್ತಿಲ್ಲ. ನಿನ್ನ ತಪ್ಪಲ್ಲ ಎಂದು ಬರಬಹುದು. ಯಾಕೆ ಹೋಗಲಿಲ್ಲ ಎಂದೂ ಬರಬಹುದು. ಅದನ್ನು ಆ ಮುದುಕರ ಮೇಲೆ ಪರೀಕ್ಷೆ ಮಾಡಿ ನೋಡಲಾರೆ.

ನಿಜವನ್ನು ಹೇಳಿಬಿಡು. ಅಂಥ ಹೆಂಗಸು ಇಲ್ಲ, ಅಂಥ ಗಂಡ ಇಲ್ಲ, ನಾವಿಬ್ಬರು ಕಟ್ಟಿದ ಕಥೆ ಎಂದು ಹೇಳು. ಬೈದುಕೊಂಡಾದರೂ ಎದ್ದಾರು.

ಅಕ್ಕ

ಮೇ 5

ಹೇಳಿದೆ ಅಕ್ಕಾ. ಅದನ್ನೂ ಮಾಡಿ ಮುಗಿಸಿದೆ. ನಿನ್ನೆ ಊಟದ ಹೊತ್ತಲ್ಲಿ ಆಫೀಸ್ ಹಿಂದಿನ ಕಸದ ಡಬ್ಬಿಗಳ ಹತ್ತಿರ ನಿಂತು ಸೊಸೆಗೆ ಫೋನ್ ಮಾಡಿದೆ. ಬಟನ್ ಚಿಕ್ಕಮ್ಮ ಅಂತ ಯಾರೂ ಇಲ್ಲ, ನಾನು ಮತ್ತು ನಮ್ಮಕ್ಕ ಹುಟ್ಟಿಸಿದ್ದು ಅಂದೆ. ಬೈತಾರೆ ಅಂತ ಕಾದೆ. ಬೈಯಲಿಲ್ಲ. ಒಂದು ನಿಮಿಷ ಇರಿ ಅಂದು ಫೋನ್ ಹಿಡ್ಕೊಂಡೇ ಒಳಗೆ ಹೋಗಿ ಮಾವನಿಗೆ ಜೋರಾಗಿ ಹೇಳಿದರು, ಅಪ್ಪಾಜಿ, ಆ ಹೆಂಗಸು ಸುಳ್ಳಂತೆ, ಯಾರೋ ಹುಡುಗ ಮಾಡಿದ್ದಂತೆ ಅಂತ.

ನನಗೆ ಆ ಕಡೆ ಗಡಿಯಾರಗಳ ಸದ್ದು ಕೇಳಿಸ್ತಿತ್ತು. ಮನೆ ತುಂಬ ಇರಬೇಕು. ಆಮೇಲೆ ಅವರ ದನಿ. ಕರ್ಕಶ ಅಂದುಕೊಂಡಿದ್ದೆ, ಇಲ್ಲ, ಮೆತ್ತಗಿದೆ.

‘ಹೆಂಗಸು ಸುಳ್ಳಿರಬಹುದಮ್ಮ. ಆ ಚಮಚ ಸುಳ್ಳಲ್ಲ. ಕೇಳು ಅವನನ್ನ, ಬಂದೆ ಅಂದು ಬರದೇ ಇದ್ದೋರು ಯಾರು?’

ನಾನು ಅಂದೆ. ಸೊಸೆ ಅದನ್ನ ಅವರಿಗೆ ಹೇಳಿದರು. ಆಮೇಲೆ ಫೋನನ್ನ ಅವರೇ ತಗೊಂಡರು. ಎಷ್ಟು ವಯಸ್ಸಪ್ಪ ನಿನಗೆ ಅಂದರು. ಇಪ್ಪತ್ತೇಳು ಅಂದೆ. ಊಟ ಆಯ್ತಾ ಅಂದರು. ಕಸದ ಡಬ್ಬಿ ಹಿಡ್ಕೊಂಡು ನಿಂತೆ ಅಕ್ಕಾ. ಆಮೇಲೆ ಕೇಳಿದರು, ‘ನನ್ನನ್ನ ಎರಡು ವರ್ಷ ಬೈದು ಬೈದು ಎಬ್ಬಿಸಿದ್ದು ನೀನಲ್ಲ. ನಿನ್ನ ಮಾತಿನ ಧಾಟಿ ಬೇರೆ. ಅದು ಯಾರು?’

ನಮ್ಮಕ್ಕ ಅಂದೆ.

‘ನೀನು ಬರಲಿಲ್ಲ ಅಂತ ಗೊತ್ತಾದಮೇಲೂ ಅವರು ಏಳಿ ಅಂತಾರಾ ಕೇಳಿ ಹೇಳು. ಅವರೇ ಫೋನಲ್ಲಿ ಅಂದರೆ ಏಳ್ತೀನಿ. ಇಲ್ಲ ಅಂದರೆ ನಾನು ಕೂತಿರೋದೇ ಸರಿ.’

ಅಷ್ಟು ಹೇಳಿ ಫೋನ್ ಕೊಟ್ಟುಬಿಟ್ಟರು. ಸೊಸೆ ಅಳ್ತಾ ಇದ್ದರು. ಊತ ಈಗ ಮಂಡಿ ತನಕ ಏರಿದೆಯಂತೆ.

ಇದನ್ನ ನಿನಗೆ ಹೇಳಬಾರದು ಅಂತ ಇಡೀ ದಿನ ಅಂದುಕೊಂಡೆ. ನಿನ್ನ ತಲೆ ಮೇಲೆ ಇಷ್ಟು ಭಾರ ಯಾಕೆ ಹಾಕಲಿ ಅಂತ. ನೀನು ಹೇಳಿದೆ ಅಂತ ನಾನೇ ಒಂದು ಸುಳ್ಳು ಮಾಡಿ ಹೇಳಿಬಿಡಬಹುದಿತ್ತು, ನನಗೆ ಅಭ್ಯಾಸ ಇದೆ. ಆದರೆ ಅವರು ನಿನ್ನ ದನಿಯಲ್ಲೇ ಕೇಳ್ತಾರಂತೆ. ಮೋಸ ಹೋದೋರು ಈಗ ಹುಷಾರಾಗಿದಾರೆ.

ಸೊಸೆ ಇದನ್ನ ಸೈಟಲ್ಲಿ ಬರೆದರೆ ನನ್ನ ಕೆಲಸ ಹೋಗುತ್ತೆ. ಆ ನಾಲ್ಕು ಸಾವಿರ ಜನ ಪಕ್ಕದಲ್ಲಿರೋರನ್ನ ನೀನಾದರೂ ನಿಜವಾ ಅಂತ ನೋಡೋಕೆ ಶುರು ಮಾಡ್ತಾರೆ. ಅವರು ಬರೆಯಲ್ಲ ಅಂದರು, ಯಾವತ್ತಾದರೂ ಬರೆದೇ ಬರೀತಾರೆ. ಮೊದಲ ಪುಟ ಮಾಡಿದ ದಿನವೇ ಅದು ಮುರಿದಿತ್ತು ಅನ್ನಿಸುತ್ತೆ, ನಾನು ಗುಂಡಿ ಒಂದು ಸರಿ ಮಾಡಿದೆ ಅಷ್ಟೇ.

ಸುಳ್ಳು ಹೇಳು ಅಂತ ನಾನು ಕೇಳಲ್ಲ. ಬಾಯಿ ತೆರೆದಾಗ ಏನು ಬರುತ್ತೋ ಅದನ್ನೇ ಹೇಳು. ಯಾಕೆ ಹೋಗಲಿಲ್ಲ ಅಂತ ಬಂದರೆ ಅದನ್ನ ನನಗೆ ಹೇಳು, ನಾನೂ ಅದೇ ಲೈನಲ್ಲಿ ಇರ್ತೀನಿ. ಮಿಕ್ಕಿದ್ದು ಏನಾದರೂ ಉಳಿದಿದ್ದರೆ ಅವರಿಗೆ ಹೇಳು. ನಾನು ಮಧ್ಯೆ ಮಾತಾಡಲ್ಲ. ಸುಮ್ಮನೆ ಇರ್ತೀನಿ.

ನಾಡಿದ್ದು ನೀನು ಪ್ರೆಸ್ಸಿಂದ ಬಂದು ಚಪ್ಪಲಿ ಬಿಟ್ಟಮೇಲೆ ಫೋನ್ ಮಾಡ್ತೀನಿ. ಮೊದಲು ನಿನಗೆ, ಆಮೇಲೆ ಅವರನ್ನ ಸೇರಿಸ್ತೀನಿ. ಕೈಯಲ್ಲಿ ಏನೇ ಕೆಲಸ ಇದ್ದರೂ, ಬಂದೆ ಅನ್ನಬೇಡ ಅಕ್ಕಾ. ಎತ್ತು.

ನಿನ್ನ ತಮ್ಮ

ಏಳನೇ ತಾರೀಕು, ಸಂಜೆ ಆರೂವರೆ. ನಿನ್ನ ಗೋಡೆ ಗಡಿಯಾರದಲ್ಲಿ.